ಒಡೆಯ: ಅಲೋಮಾಟು

ಸತ್ತೇ ಹೋಗಿದ್ದ ತನ್ನ ಲ್ಯಾಪ್‌ಟಾಪಿನ ಪರದೆ ಬೆಳಗಿ, ‘ಒಡೆಯ: ಅಲೋಮಾಟು’ ಎಂದು ತೋರಿಸಿದಾಗ ಪೆನಿನಾ ಕುರ್ಚಿಯಿಂದ ಎದ್ದೇ ನಿಂತಳು. ಅಲೋಮಾಟು ಎಂದರೆ ಅವಳ ದೊಡ್ಡಪ್ಪ, ಕುಟುಂಬದ ಪಟ್ಟದ ಯಜಮಾನರು; ಪಟ್ಟಕ್ಕೆ ಏರಿದವರಿಗೆ ಮಾತ್ರ ಸಲ್ಲುವ ಹೆಸರು ಅದು. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

“ಫೇಟು, ಇದನ್ನ ನೀನು ಬರೆದ್ಯಾ?”

ರಿಪೇರಿಯ ಫೇಟು ತಲೆ ಕೆರೆದುಕೊಂಡ. ಅಪಿಯಾ ಪಟ್ಟಣದ ಮಾರುಕಟ್ಟೆಯ ಹಿಂದೆ ಅಂಗಡಿ ಇಟ್ಟಾಗಿನಿಂದ ಎಷ್ಟೋ ಯಂತ್ರಗಳನ್ನು ಎಬ್ಬಿಸಿದ್ದ, ಯಾವುದೂ ಎದ್ದು ಸತ್ತವರ ಹೆಸರು ಹೇಳಿರಲಿಲ್ಲ. ಕರೆಂಟಿನ ಹೊಡೆತಕ್ಕೆ ಇದರ ಫರ್ಮ್‌ವೇರ್ ಕೆಟ್ಟಿತ್ತು. ಯಂತ್ರ ಎದ್ದ ಕೂಡಲೇ ತಾನು ಯಾರು, ಏನು ಮಾಡಬೇಕು ಎಂದು ಓದಿಕೊಳ್ಳುವ ಬರಹ ಅದು. ಅದೇ ಮಾದರಿಯ ಇನ್ನೊಂದರ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ, ಅಲ್ಲಿದ್ದುದನ್ನು ನಕಲು ಮಾಡಿ ಇದಕ್ಕೆ ತುಂಬಿದ್ದ. ಆ ಇನ್ನೊಂದು ಪೆನಿನಾಳ ಚಿಕ್ಕಪ್ಪನ ಮಗ ವಿಲಿಯಾಮುವಿನದು. ಖಾಲಿ ಬಿದ್ದಿರುವ ಅಲೋಮಾಟು ಪಟ್ಟಕ್ಕೆ ನಾಳೆಯ ಸಭೆಯಲ್ಲಿ ಅವಳ ಎದುರಾಳಿಯೂ ಅವನೇ. ಆ ಮಾದರಿ ಬೇರೆಲ್ಲೂ ಸಿಗದೆ, ಒಂದು ದಿನಕ್ಕೆ ನಿನ್ನದು ಕೊಡು ಎಂದು ಅವಳು ಅವನನ್ನು ಪಾದ್ರಿಯ ಮುಂದೆಯೇ ಕೇಳಿದ್ದಳು. ಎದುರು ನಿಂತು ಕೇಳಿದ ನೆಂಟರಿಗೆ ಇಲ್ಲ ಎನ್ನಲು ಯಾರಿಗೆ ತಾನೆ ಬಾಯಿ ಬರುತ್ತದೆ?

ದೊಡ್ಡಪ್ಪ ಬಾಯಾರೆ ಹೇಳಿದ ವಂಶಾವಳಿಯನ್ನು ಪೆನಿನಾ ತನ್ನ ಈ ಲ್ಯಾಪ್‌ಟಾಪಿನಲ್ಲೇ ಧ್ವನಿಮುದ್ರಿಸಿ ಇಟ್ಟಿದ್ದಳು. ಅದನ್ನು ಹಿರಿಯರಿಗೆ ಕೇಳಿಸದಿದ್ದರೆ ಪಟ್ಟ ಅವಳ ಕಡೆ ತಿರುಗಿಯೂ ನೋಡುವಂತಿರಲಿಲ್ಲ. ಫೇಟು ಗುಂಡಿ ಒತ್ತಿದ. ಮೊದಲು ಕೆಮ್ಮು, ಆಮೇಲೆ ದೊಡ್ಡಪ್ಪನ ದನಿ. ಹೆಸರೂ ಅವರದೇ, ದನಿಯೂ ಅವರದೇ. ನನ್ನನ್ನೇ ಹುಡುಕಿಕೊಂಡು ಬಂದಿದ್ದಾರೆ ಎಂದು ಪೆನಿನಾ ಅತ್ತೇಬಿಟ್ಟಳು. ಫೇಟು ಕ್ಲಿಪ್ಪನ್ನು ತಿರುವಿ ಮುರುವಿ ನೋಡಿದ. ಏನೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ತನ್ನ ಲ್ಯಾಪ್‌ಟಾಪ್ ಒಯ್ಯಲು ವಿಲಿಯಾಮು ಬಂದ. ಕೊಡುವ ಮೊದಲು ಸರಿಯಿದೆಯೇ ನೋಡೋಣವೆಂದು ಫೇಟು ಅದನ್ನೂ ಹಚ್ಚಿದ.

‘ಒಡೆಯ: ಅಲೋಮಾಟು.’

ಒಡೆಯನ ಹೆಸರೂ ಆ ಬರಹದಲ್ಲೇ ಇರುತ್ತದೆ, ನಕಲಿನ ಜೊತೆ ಅದೂ ಬಂದಿದೆ ಎಂದು ಫೇಟುವಿಗೆ ಆಗ ಹೊಳೆಯಿತು. ಆದರೆ ದೊಡ್ಡಪ್ಪ ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ. ವಿಲಿಯಾಮು ಸೊಂಟಕ್ಕೆ ಸುತ್ತಿದ್ದ ಲಾವಾಲಾವಾ ಪಂಚೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿದುಕೊಂಡ.

“ಸುಮ್ನೆ, ಹೇಗೆ ಕಾಣುತ್ತೆ ಅಂತ ಆ ಹೆಸರು ಹಾಕಿ ನೋಡಿದ್ದೆ ಅಕ್ಕ.”

ಪೆನಿನಾಳಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ದೊಡ್ಡಪ್ಪನ ಆಶೀರ್ವಾದವೆಂದು ಅತ್ತದ್ದು ಈ ಪುಣ್ಯಾತ್ಮನ ಆಸೆಯನ್ನು ನೋಡಿ. ಅವಳು ಕಣ್ಣೊರೆಸಿಕೊಂಡಳು.

ಅಕ್ಕನದರಲ್ಲಿ ಆ ಹೆಸರನ್ನು ಅಳಿಸಿಬಿಡು ಎಂದು ವಿಲಿಯಾಮು ಫೇಟುವಿಗೆ ಮೆಲ್ಲಗೆ ಹೇಳಿದ. ಪೆನಿನಾ ತನ್ನ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು.

“ಬೇಡ, ಇರ್ಲಿ. ಮನೆಯವ್ರನ್ನ ಒಂದು ಮಾತೂ ಕೇಳ್ದೆ ನಿನ್ ಹತ್ರ ಬಂದಿದ್ದ ಹೆಸರು, ಹಾಗೇ ನನ್ ಹತ್ರನೂ ಬಂದಿದೆ. ನಾಳೆ ಸಭೇಲಿ ಎರಡೂ ಲ್ಯಾಪ್‌ಟಾಪನ್ನ ಚಾಪೆ ಮೇಲೆ ಪಕ್ಕಪಕ್ಕ ಇಡೋಣ. ಅಸಲಿ ಯಾವುದು ಅಂತ ಹಿರಿಯರೇ ಹೇಳ್ಲಿ.”