ತಿರುವಿನ ಒರತೆ

ಲಾರಿಯ ಹಾರನ್ ಕಿವಿಯ ಪಕ್ಕದಲ್ಲೇ ಕಿರುಚಿತು. ಸ್ವೀ ಕಿಮ್ ಅಲುಗಾಡಲಿಲ್ಲ. ರಸ್ತೆಯಂಚಿನ ಒದ್ದೆ ಮರಳಿನಲ್ಲಿ ಬೋರಲು ಮಲಗಿ, ಗದ್ದವನ್ನು ನೆಲಕ್ಕೆ ಊರಿ, ಕ್ಯಾಮೆರಾ ಹಿಡಿದಿದ್ದಳು. ಎದುರಿಗೆ ಅಂಗೈಗಿಂತ ದೊಡ್ಡ ಕಪ್ಪು ಚಿಟ್ಟೆಗಳು, ರೆಕ್ಕೆಯುದ್ದಕ್ಕೂ ಹಸಿರು ಗರಗಸದ ಹಲ್ಲು. ಮೈಮರೆತು ಮರಳನ್ನು ಹೀರುತ್ತಿದ್ದವು.

ಲಾರಿ ಬಂದು ನಿಂತಿತು. ಚಿಟ್ಟೆಗಳು ಚೆಲ್ಲಾಪಿಲ್ಲಿಯಾದವು. ಒಂದು ಚಕ್ರದಡಿ ಸಿಕ್ಕಿ ಡಾಂಬರಿಗೆ ಅಂಟಿತು.

"ನಿಂಗೇನು ಕಣ್ಣು ಕಾಣಲ್ವಾ?" ಸ್ವೀ ಕಿಮ್ ರೇಗಿದಳು.

"ರಸ್ತೆ ಇರೋದು ಮಲಗೋಕಲ್ಲ ಅಕ್ಕಾ," ಎಂದ ಮುನಿಯಾಂಡಿ, ಬೆಟ್ಟದಿಂದ ಎಲೆಕೋಸು ಇಳಿಸುವ ಚಾಲಕ. ಅವಳು ಏಳುವುದನ್ನೇ ಕಾಯುವವನಂತೆ ಒಂದು ಗಳಿಗೆ ನಿಂತ. ಅವಳು ಏಳಲಿಲ್ಲ. ಗೊಣಗುತ್ತಾ ತಿರುವಿನಲ್ಲೇ ಇದ್ದ ಮಾಕ್ ತೆಹ್‌ಳ ಕಾಫಿ ಅಂಗಡಿಗೆ ನಡೆದ.

ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವ ಸ್ವೀ ಕಿಮ್‌ಗೆ ಭಾನುವಾರವಾದರೆ ಈ ತಿರುವೇ ದೇವಸ್ಥಾನ. ಕೆಳಗಿನ ತಾಪಾ ಪಟ್ಟಣದಿಂದ ಬೆಟ್ಟ ಹತ್ತುವ ರಸ್ತೆಯಲ್ಲಿ ಚಿಟ್ಟೆಗಳು ಇಷ್ಟು ದಟ್ಟವಾಗಿ ಇಳಿಯುತ್ತಿದ್ದದ್ದು ಇಲ್ಲಿ ಮಾತ್ರ. ಈ ಲಾರಿಗಳು ಹೀಗೇ ನಿಲ್ಲುತ್ತಿದ್ದರೆ ಒಂದೂ ಉಳಿಯುವುದಿಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

"ಮಳೆ ಇಲ್ಲದಾಗಲೂ ಇಲ್ಲಿ ಒದ್ದೆ ಇರುತ್ತಲ್ಲ ಚಿಕ್ಕಮ್ಮಾ. ಬಂಡೆಯಡಿ ಹಳೇ ಒರತೆ ಇರಬೇಕು," ಎಂದಳು ಸ್ವೀ ಕಿಮ್, ಅಂಗಡಿಗೆ ಬಂದು.

ಮಾಕ್ ತೆಹ್ ದೊಡ್ಡ ಲೋಟಗಳಿಗೆ ಐಸ್ ಕಾಫಿ ಸುರಿಯುತ್ತಿದ್ದಳು. "ನನ್ನ ಅಂಗಡಿಯ ವಯಸ್ಸೇ ಅದಕ್ಕೂ," ಎಂದು ನಕ್ಕಳು.

ಸ್ವೀ ಕಿಮ್ ಹಟ ಬಿಡಲಿಲ್ಲ. ಕಂಡಕಂಡ ಕಚೇರಿ ಅಲೆದಳು. ಸತ್ತ ಚಿಟ್ಟೆಗಳ ಚಿತ್ರ ತೋರಿಸಿ ಅಧಿಕಾರಿಗಳ ತಲೆ ತಿಂದಳು. ಕೊನೆಗೂ ತಿರುವಿನಲ್ಲಿ ಫಲಕ ಎದ್ದಿತು: ಇಲ್ಲಿ ಲಾರಿ ನಿಲ್ಲಿಸುವಂತಿಲ್ಲ.

ಗಿರಾಕಿಗಳಿಲ್ಲದೆ ಮಾಕ್ ತೆಹ್ ಅಂಗಡಿ ಕಿತ್ತು ಮೇಲಿನ ಸೇತುವೆಯ ಬಳಿ ಹೋದಳು. "ಚಿಟ್ಟೆ ಜೊತೆ ಸುಖವಾಗಿರು ತಾಯಿ," ಎಂದಳು. ಸ್ವೀ ಕಿಮ್‌ಗೆ ಕೊಂಚ ಪಾಪ ಅನ್ನಿಸಿತು, ಆದರೆ ಗೆದ್ದ ಖುಷಿಯ ಮುಂದೆ ಅದು ನಿಲ್ಲಲಿಲ್ಲ.

ಮುಂದಿನ ಭಾನುವಾರ ತಿರುವು ತಣ್ಣಗಿತ್ತು. ಲಾರಿಯಿಲ್ಲ, ಗದ್ದಲವಿಲ್ಲ. ಬಂದ ಚಿಟ್ಟೆಗಳು ಬೆರಳೆಣಿಕೆಯಷ್ಟು. ಅದರ ಮುಂದಿನ ವಾರ ಮರಳು ಒಣಗಿ ಬೂದಿಯಾಗಿತ್ತು. ಒಂದೂ ಚಿಟ್ಟೆಯಿಲ್ಲ. ಯಾರ ದೃಷ್ಟಿ ತಾಗಿತೋ ಎಂದು ಅವಳು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟಳು.

ಮನಸ್ಸು ತಡೆಯದೆ ಸ್ಕೂಟರ್ ಹತ್ತಿ ಮೇಲಕ್ಕೆ ಹೊರಟಳು. ಸೇತುವೆಯ ಹತ್ತಿರ ಕಪ್ಪು-ಹಸಿರಿನ ಮಿಂಚೊಂದು ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಬೆನ್ನು ಹತ್ತಿದಳು. ಮಾಕ್ ತೆಹ್‌ಳ ಹೊಸ ಅಂಗಡಿಯ ಪಕ್ಕ, ನಿಂತ ಲಾರಿಗಳ ಮರೆಯಲ್ಲಿ, ಒದ್ದೆ ಮರಳಿನ ಮೇಲೆ ಚಿಟ್ಟೆಗಳ ಜಾತ್ರೆಯೇ ನೆರೆದಿತ್ತು.

ಇನ್ನೊಂದು ಒರತೆ! ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪುಪ್ಪು. ಅದಕ್ಕೇ ಮುತ್ತಿವೆ! ಬೋರಲು ಮಲಗಿ, ಗದ್ದ ಊರಿ, ಜನ್ಮಕ್ಕೆ ಸಾಕಾಗುವಷ್ಟು ಚಿತ್ರ ತೆಗೆದಳು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮುನಿಯಾಂಡಿ ಕಾಲು ಬದಲಿಸುತ್ತಾ ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು ಚಾಲಕರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಎದ್ದು ಆ ಕಡೆ ತಿರುಗ್ತೀರಾ? ಕೆಳಗೆ ಬೋರ್ಡು ಬಂದಾಗಿಂದ ನಮಗೆಲ್ಲ ಇದೇ ಜಾಗ."