ಹನ್ನೆರಡನೇ ಗುಂಡಿ

ಮರುದಿನ ಬೆಳಿಗ್ಗೆ ಮೇಷ್ಟ್ರ ನಾಲಿಗೆ ತೆಗೆಯುವವರಿದ್ದರು. ಕ್ಯಾನ್ಸರ್ ಹುಣ್ಣು ಅಷ್ಟು ಆಳಕ್ಕೆ ಬೇರುಬಿಟ್ಟಿತ್ತು. ಆಸ್ಪತ್ರೆಯ ರೆಕಾರ್ಡಿಂಗ್ ಕೋಣೆಯಲ್ಲಿ ಟೆಕ್ನಿಷಿಯನ್ ಹೆಂಗಸು ಮೈಕನ್ನು ಅವರ ಬಾಯಿಯ ಹತ್ತಿರಕ್ಕೆ ಎಳೆದಳು. ಹನ್ನೆರಡು ಗುಂಡಿಗಳ ಪುಟ್ಟ ಯಂತ್ರ, ಗುಂಡಿಗೊಂದು ಮಾತು. ಆಪರೇಷನ್ ಆದಮೇಲೆ ಗುಂಡಿ ಒತ್ತಿದರೆ ಮೇಷ್ಟ್ರ ದನಿಯೇ ಕೇಳುತ್ತದೆ.

"ನೀರು ಬೇಕು," ಎಂದರು ಮೇಷ್ಟ್ರು. "ನೋಯ್ತಿದೆ." "ಫ್ಯಾನ್ ಹಾಕಿ." ಒಂದೊಂದು ಮಾತಿಗೂ ನೋವಿನಿಂದ ಕಣ್ಣು ತುಂಬುತ್ತಿತ್ತು.

"ಇದು ಕೊನೇದು ಸರ್. ನಿಮ್ಮಿಷ್ಟ, ಏನಾದ್ರೂ ಹೇಳಿ."

ಮೇಷ್ಟ್ರು ಮೂಲೆಯಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ ಗದರಿದರು: "ಏ ಪಲ್ಕ್ರಿಟ್ಯೂಡ್! ಎಲ್ಲಿ ಹಾಳಾಗಿ ಹೋದೆ?"

ಹೆಂಡತಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಇಂಗ್ಲಿಷ್ ಮೇಷ್ಟ್ರು ಮದುವೆಯಾದ ಹೊಸತರಲ್ಲಿ ಡಿಕ್ಷನರಿಯಿಂದ ಹೆಕ್ಕಿದ ಪದ ಅದು. ಅರ್ಥ ಸೌಂದರ್ಯ, ಕೇಳಲು ಮಾತ್ರ ಯಾವುದೋ ಚರ್ಮರೋಗದ ಹೆಸರಿನಂತಿತ್ತು. ಹೆತ್ತ ತಾಯಿಯ ಎದುರು ಹೆಂಡತಿಯನ್ನು ಹೊಗಳುವ ಧೈರ್ಯ ಯಾವ ಗಂಡಸಿಗಿದೆ? ಅದಕ್ಕೇ ಗದರಿಸಿ ಕರೆಯುತ್ತಿದ್ದರು. ಮಗ ಸೊಸೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದಾನೆಂದು ಅತ್ತೆ ಹಿಗ್ಗುತ್ತಿದ್ದಳು. ಸೊಸೆ ಅಡುಗೆಮನೆಯಲ್ಲಿ ನಗು ತಡೆದುಕೊಂಡು "ಬಂದೆ ರೀ" ಎನ್ನುತ್ತಿದ್ದಳು. ಅತ್ತೆ ಹೋದಮೇಲೂ ಆ ಕರೆ ಉಳಿಯಿತು. ಮೂವತ್ತೊಂದು ವರ್ಷ ಅವಳಿಗೆ ಬೇರೆ ಹೊಗಳಿಕೆ ಬೇಕಾಗಲಿಲ್ಲ.

ಟೆಕ್ನಿಷಿಯನ್‌ಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಬಾಯಿಗೆ ಬಂದಂತೆ ಬೈಯುವ ಗಂಡನ ಜೊತೆ ಹತ್ತು ವರ್ಷ ಏಗಿ, ಸಾಕಾಗಿ ಬಿಟ್ಟುಬಂದವಳು ಅವಳು. ಅಳುತ್ತಿದ್ದ ಹೆಂಗಸನ್ನು ನೋಡಿ ಅವಳ ಕರುಳು ಚುರ್ ಎಂದಿತು.

ಎರಡು ವಾರದ ಮೇಲೆ ಅವಳೇ ಯಂತ್ರವನ್ನು ವಾರ್ಡಿಗೆ ತಂದು ಮೇಷ್ಟ್ರ ಕೈಗಿತ್ತಳು. ಮೂತಿಗೆಲ್ಲ ಬ್ಯಾಂಡೇಜು ಸುತ್ತಿಕೊಂಡಿದ್ದ ಮೇಷ್ಟ್ರು ನೀರನ್ನೂ ಕೇಳಲಿಲ್ಲ, ನೋವನ್ನೂ ಹೇಳಲಿಲ್ಲ. ನೇರ ಹನ್ನೆರಡನೇ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು.

ಟೆಕ್ನಿಷಿಯನ್ ಹೆಂಡತಿಯ ಕಿವಿಯ ಬಳಿ ಬಗ್ಗಿದಳು. "ನಾನೇ ಅಳಿಸಿಹಾಕ್ದೆ ಅಮ್ಮಾ. ನಾಲಿಗೆ ಹೋದ್ಮೇಲೂ ನೀವು ಬೈಸ್ಕೋಬೇಕಾ?"

"ಎಲ್ಲಾದ್ರೂ ಇನ್ನೊಂದು ಕಾಪಿ ಉಳ್ಸಿದೀರಾ?"

"ಚೂರೂ ಇಲ್ಲ. ಪೂರ್ತಿ ಹೋಯ್ತು. ಇನ್ಮೇಲೆ ನೆಮ್ಮದಿಯಾಗಿರಿ."

ಒಳ್ಳೆಯ ಕೆಲಸ ಮಾಡಿದ ಸಂತೋಷ ಅವಳ ಮುಖದ ಮೇಲಿತ್ತು.

ಮೇಷ್ಟ್ರು ಹುಬ್ಬು ಗಂಟಿಕ್ಕಿಕೊಂಡು ಮೂರನೇ ಸಲ ಗುಂಡಿ ಒತ್ತಿದರು.

"ಬಂದೆ ರೀ," ಎಂದಳು ಹೆಂಡತಿ.