ಜಗಳಕ್ಕೊಂದು ವಿಶ್ವವಿದ್ಯಾಲಯ

"ಒಂಬತ್ತು ಕಡೆಗೂ ನಾನು ಪತ್ರ ಬರೀಬೇಕಾ?" ಮೇಷ್ಟ್ರು ಪಟ್ಟಿಯನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. ಮ್ಯಾನೇಜ್‌ಮೆಂಟಿನಲ್ಲಿ ಪಿಎಚ್‌ಡಿ ಮಾಡಿಸುವ ಒಂಬತ್ತು ವಿಶ್ವವಿದ್ಯಾಲಯಗಳ ಹೆಸರು, ರ‍್ಯಾಂಕಿನ ಪ್ರಕಾರ ಮೇಲಿನಿಂದ ಕೆಳಕ್ಕೆ. ಎದುರಿಗೆ ಕೂತಿದ್ದ ಶಿಷ್ಯೆಗೆ ಈಗ ಮೂವತ್ತೊಂಬತ್ತು. ಪಾರ್ಸೆಲ್ ಕಂಪನಿಯೊಂದರ ಶೆಡ್ಡಿನಲ್ಲಿ ಸೂಪರ್‌ವೈಸರ್. ಅರ್ಜಿಗೆ ಶುಕ್ರವಾರ ಕಡೇ ದಿನ. ಪಾಠ ಹೇಳಿದವರೊಬ್ಬರ ಶಿಫಾರಸು ಪತ್ರವಿಲ್ಲದೆ ಯಾವ ಕಡೆಯೂ ಅರ್ಜಿ ಮುಟ್ಟುವುದಿಲ್ಲ. ಅವಳಿಗೆ ಪಾಠ ಹೇಳಿದವರಲ್ಲಿ ಅವಳ ಮುಖ ನೆನಪಿಟ್ಟುಕೊಂಡವರು ಇವರೊಬ್ಬರೇ.

ಅದೂ ಅವಳ ಹೆಸರು ನೆನಪಿದ್ದು ಅಲ್ಲ. ಬಾಗಿಲಲ್ಲಿ ನಿಂತವಳನ್ನು ಕಂಡ ಕೂಡಲೇ "ಓಹೋ, ಆದ್ರೆಸಾರ್! ಬಾರಮ್ಮ" ಎಂದಿದ್ದರು. ಹದಿನೇಳು ವರ್ಷದ ಹಿಂದೆ ಪ್ರತಿ ಪಾಠದ ನಡುವೆ ಕೈಯೆತ್ತಿ "ಆದ್ರೆ ಸಾರ್..." ಎಂದು ಇಡೀ ತರಗತಿಯ ತಲೆ ತಿನ್ನುತ್ತಿದ್ದವಳಿಗೆ ಗೆಳತಿಯರು ಇಟ್ಟ ಹೆಸರು. ಎಷ್ಟೋ ಕಾಲದ ಮೇಲೆ ಅದು ಅವಳ ಕಿವಿಗೆ ಬಿದ್ದಿತ್ತು. ಅದೇ ಕೋಣೆ, ಒಂದು ಕಾಲು ಗಿಡ್ಡಾದ ಅದೇ ಮೇಜು, ಕಿಟಕಿಯಾಚೆ ಅದೇ ಸೈಕಲ್ ಸ್ಟ್ಯಾಂಡು. ತಪ್ಪೋ ಒಪ್ಪೋ, ಬಾಯಿಗೆ ಬಂದದ್ದನ್ನು ಕೇಳಿಬಿಡಬಹುದಾಗಿದ್ದ ಆ ದಿನಗಳು ಎಂಥ ಸುಖದ ದಿನಗಳು! ಶೆಡ್ಡಿಗೆ ಸೇರಿದ ಮೇಲೆ ಆ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ. ಮೇಲಿನವರು ಏನೇ ಅಂದರೂ "ಆಯ್ತು ಸಾರ್" ಎಂದು ತಲೆಯಾಡಿಸುವುದೇ ರೂಢಿಯಾಗಿತ್ತು.

"ನನ್ನ ಪದ್ಧತಿ ಗೊತ್ತಲ್ಲ?" ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಗೊತ್ತಿಲ್ಲದೆ ಏನು! ಪಿಎಚ್‌ಡಿ ಎಂದರೆ ಐದು ವರ್ಷದ ಜಗಳ, ಯಾರ ಜೊತೆ ಎಂದು ತಿಳಿಯದೆ ಹೊರಡಬಾರದು ಎನ್ನುವುದು ಅವರ ವಾದ. ಪತ್ರ ಕೇಳಿ ಬಂದವರಿಗೆಲ್ಲ ಅದೊಂದೇ ಪ್ರಶ್ನೆ. ಉತ್ತರ ಸರಿಬೀಳದಿದ್ದರೆ ಸ್ವಂತ ಅಣ್ಣನ ಮಗನಿಗೂ ಪತ್ರವಿಲ್ಲ.

"ಮೊದಲನೇದು. ಇಲ್ಲಿ ಯಾರ ಜೊತೆ ಜಗಳ ಆಡ್ತೀಯ?"

"ಅದು ನಂಬರ್ ಒನ್ ಸಾರ್."

"ನಂಬರ್ ಜೊತೆ ಜಗಳ ಆಡಕ್ಕಾಗುತ್ತಾ?" ಹೆಸರಿನ ಮೇಲೆ ಗೆರೆ ಬಿತ್ತು. "ಎರಡನೇದು?"

"ಆ ಊರಲ್ಲಿ ನನ್ನ ತಂಗಿ ಮನೆ ಇದೆ..."

"ತಂಗಿ ಜೊತೆ ಜಗಳಕ್ಕೆ ಪಿಎಚ್‌ಡಿ ಯಾಕಮ್ಮ?"

ಹೀಗೇ ಎಂಟೂ ಉದುರಿದವು. ಕೊನೆಯ ಹೆಸರಿಗೆ ಬಂದಾಗ ಮೇಷ್ಟ್ರ ಪೆನ್ನು ನಿಂತಿತು. ರ‍್ಯಾಂಕಿನಲ್ಲಿ ಎಲ್ಲಕ್ಕಿಂತ ಕೆಳಗಿನ ಈ ವಿಶ್ವವಿದ್ಯಾಲಯದಲ್ಲೇ ಅವರೂ ಓದಿದ್ದು. "ಅಲ್ಲಿ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಪ್ರಬಂಧ ಬರೆದೆ. ಒಳಗಡೆ ಜಾಗ ಸಿಗ್ತಿರ್ಲಿಲ್ಲ. ನನ್ನ ಮೇಲಿನ ಪ್ರೀತಿಗೆ ಇದನ್ನ ಸೇರಿಸಿದ್ಯಾ?" ಅವರ ದನಿ ಮೆತ್ತಗಾಗಿತ್ತು. ಹೌದು ಎಂದುಬಿಟ್ಟರೆ ಪತ್ರ ಕೈಗೆ ಬಂದಂತೆಯೇ. ಇದೊಂದೂ ಹೋದರೆ ಮತ್ತೆ ಶೆಡ್ಡೇ ಗತಿ. ಅವಳು ಹೌದು ಎನ್ನಲೆಂದೇ ಬಾಯಿ ತೆರೆದಳು.

"ಆದ್ರೆ ಸಾರ್..."

ಹೊರಬಿದ್ದ ಮಾತಿಗೆ ಅವಳೇ ಬೆಚ್ಚಿದಳು. ಇನ್ನು ನುಂಗಿಕೊಳ್ಳುವಂತಿರಲಿಲ್ಲ. "ಅಲ್ಲಿ ಈಗಲೂ ನಿಮ್ಮ ಪ್ರಬಂಧಾನೇ ಪಾಠ ಮಾಡ್ತಾರೆ. ಕೆಲಸದ ಸಾಲಲ್ಲಿ ಚುರುಕಾದವರು ಮೊದಲು ನಿಲ್ಲಬೇಕು, ನಿಧಾನದವರು ಕೊನೇಲಿ ಅಂತ. ನನ್ನ ಜಗಳ ಅದರ ಜೊತೆ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳು."

ಅವಳು ಹೇಳಿದಳು. ಶೆಡ್ಡಿನಲ್ಲಿ ಸಾಲಿನ ಮೊದಲಿಗರು ವಿಳಾಸ ಓದಿ ಪಾರ್ಸೆಲಿನ ಮೇಲೆ ದಾರಿಯ ನಂಬರು ಬರೆಯಬೇಕು, ಹಿಂದಿನವರು ನಂಬರು ನೋಡಿ ಗಾಡಿಗೆ ಹಾಕಬೇಕು. ಮೇಷ್ಟ್ರ ಪಾಠವನ್ನು ನಂಬಿ ಅವಳು ಹತ್ತು ವರ್ಷ ಚುರುಕಿನವರನ್ನೇ ಮುಂದೆ ನಿಲ್ಲಿಸಿದ್ದಳು. ಅವರ ಅವಸರಕ್ಕೆ ದಿನಕ್ಕೆ ನಲವತ್ತು ಪಾರ್ಸೆಲ್ ಊರು ತಪ್ಪುತ್ತಿದ್ದವು. ಆಮೇಲೆ ಎಲ್ಲರಿಗಿಂತ ನಿಧಾನದ ಮುದುಕರೊಬ್ಬರನ್ನು ಮುಂದಕ್ಕೆ ತಂದಳು. ಅವರು ಪ್ರತಿ ವಿಳಾಸವನ್ನೂ ಬೆರಳಿಟ್ಟು ಓದಿ ನಂಬರು ಬರೆಯುತ್ತಾರೆ. ಈಗ ಊರು ತಪ್ಪುವುದು ದಿನಕ್ಕೆ ಆರು. ಹಿಂದಿರುಗಿ ಬರುವ ಪಾರ್ಸೆಲ್‌ಗಳ ಕಾಟ ತಪ್ಪಿ ಕೆಲಸವೂ ಒಂದು ಗಂಟೆ ಮೊದಲೇ ಮುಗಿಯುತ್ತಿದೆ.

"ಎಷ್ಟು ದಿನ ನೋಡಿದೆ?"

"ಹದಿನಾಲ್ಕು ತಿಂಗಳು ಸಾರ್. ದಿನದಿನದ್ದೂ ಬರೆದಿಟ್ಟಿದೀನಿ."

"ಅವರನ್ನ ಮುಂದೆ ತರಬೇಕು ಅಂತ ನಿಂಗೆ ಹೊಳೆದದ್ದಾದ್ರೂ ಹೇಗೆ?"

"ಹೊಳೀಲಿಲ್ಲ ಸಾರ್. ಕೊನೇಲಿ ನಿಂತು ಎಲ್ಲರ ಹತ್ರ ಬೈಸಿಕೊಳ್ತಿದ್ರು. ನೋಡಕ್ಕಾಗ್ಲಿಲ್ಲ."

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. "ನಾನೂ ಒಂದು ಕಾರ್ಖಾನೇಲಿ ಆರು ತಿಂಗಳು ಗಡಿಯಾರ ಹಿಡ್ಕೊಂಡು ನಿಂತಿದ್ದೆ" ಎಂದರು, ಬೆನ್ನು ತಿರುಗಿಸಿಯೇ. "ಕೊನೇಲಿ ಒಬ್ಬರು ನಿಂತಿರ್ತಿದ್ರು. ದಿನಾ ನನ್ನ ನೋಡಿ ನಗ್ತಿದ್ರು. ನಾನು ಅವರನ್ನ ಒಂದು ದಿನಾನೂ ಮಾತಾಡಿಸ್ಲಿಲ್ಲ ನೋಡು."

ಆಮೇಲೆ ಬಂದು ಕೂತು ಕಾಗದ ಎಳೆದುಕೊಂಡರು. ಬರೆದದ್ದು ಎರಡೇ ಸಾಲು. ಸಹಿ ಮಾಡಿ, ಲಕೋಟೆ ಅಂಟಿಸದೆಯೇ ಅವಳ ಕಡೆ ಸರಿಸಿದರು. ಅವಳು ಓದಿದಳು:

"ಮೂವತ್ತು ವರ್ಷ ನಾನು ಕಲಿಸಿದ್ದರಲ್ಲಿ ಒಂದು ತಪ್ಪನ್ನು ಇವಳು ಕಂಡುಹಿಡಿದಿದ್ದಾಳೆ. ಉಳಿದವನ್ನು ಹುಡುಕಲು ಇವಳಿಗೆ ಐದು ವರ್ಷ ಕೊಡಿ."